ಬಾನೆಟ್ಟಿಗೆ ಗವಾಕ್ಷಿ

ಮಾವ ಶಪಥ ಮಾಡಿದ್ದು ನಡುರಸ್ತೆಯಲ್ಲಿ, ಕೈಯಲ್ಲಿ ಮರಳಿನ ಬಕೆಟ್ ಹಿಡಿದುಕೊಂಡು.

ಅಳಿಯನ ಕಾರು ಏರುದಾರಿಯಲ್ಲಿ ಎಂದಿನಂತೆ ಕುದಿದಿತ್ತು. ಬಾನೆಟ್ಟಿನ ಸಂದಿಗಳಿಂದ ಆವಿ ಬುಸುಗುಟ್ಟುತ್ತಿತ್ತು. ಬೇರೆ ಯಾರ ಮಾವನಾಗಿದ್ದರೂ ಕೆಳಗಿಳಿದು, ಟವಲಿನಿಂದ ಗಾಳಿ ಹಾಕಿಕೊಳ್ಳುತ್ತ, ಮಗಳ ಹಣೆಬರಹವನ್ನು ಹಳಿಯುತ್ತ ನಿಲ್ಲುತ್ತಿದ್ದರು. ಈ ಮಾವ ಅಗ್ನಿಶಾಮಕ ದಳದಲ್ಲಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾದವರು. ಬರುತ್ತಿರುವುದು ಹೊಗೆಯೋ ಆವಿಯೋ ಎಂದು ವಿಚಾರಿಸುತ್ತ ನಿಲ್ಲುವುದು ಅವರ ಪ್ರಕಾರ ಮೇಲಧಿಕಾರಿಗಳ ಕೆಲಸ. ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಅತ್ತೆಯನ್ನು ಎಬ್ಬಿಸುವ ಗೋಜಿಗೂ ಹೋಗದೆ ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟಿಸಿದರು. ಅತ್ತೆಗೆ ಎಚ್ಚರವಾದದ್ದು ಯಾರದೋ ಮನೆಯ ಜಗಲಿಯ ಮೇಲೆ. ಅಷ್ಟರಲ್ಲಿ ಮಾವ, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರ ಮರಳುರಾಶಿಯಿಂದ ಬಕೆಟ್ ತುಂಬಿ ತಂದು ಎಂಜಿನ್ನಿನ ಮೇಲೆ ಸುರಿದಾಗಿತ್ತು.

"ಮಾವ, ಮರಳು ಯಾಕೆ! ಬರೀ ನೀರು ಕುದೀತಿತ್ತು!" ಅಂದ ಅಳಿಯ, ಅಳುವುದೊಂದು ಬಾಕಿ.

"ಅಳಿಯಂದ್ರೇ," ಅಂದರು ಮಾವ. "ಬೆಂಕಿ ಆರಿಸೋದು ನನ್ನ ಕೆಲಸ ಆಗಿತ್ತು. ಬೆಂಕಿ ಮೇಲೆ ಕೂತ್ಕೊಂಡು ಪ್ರಯಾಣ ಮಾಡೋದಲ್ಲ. ಈ ಒಲೆಯೊಳಗೆ ನಾನಿನ್ನು ಕಾಲಿಡಲ್ಲ."

ಒಲೆ ಎಂಬ ಮಾತು ಅಳಿಯನ ಎದೆಗೆ ನಾಟಿತು. ಏಕೆಂದರೆ ಅವನು ಕಟ್ಟಡ ಇಲಾಖೆಯ ನಕ್ಷೆ ವಿಭಾಗದವನು. ಒಲೆ, ಕೋಣೆ, ಮೆಟ್ಟಿಲು, ಕಿಟಕಿ, ಇವೆಲ್ಲ ಅವನ ಪಾಲಿಗೆ ಅಳತೆಯಿರುವ ಗಂಭೀರ ವಸ್ತುಗಳು. ಬೀದಿಯವರು ಅವನನ್ನು ಅಳತೆಗಾರ ಎಂದೇ ಕರೆಯುತ್ತಿದ್ದರು. ಮದುವೆಮನೆಗೆ ಹೋದರೆ ಊಟಕ್ಕೆ ಮೊದಲು ಹಜಾರದ ಬಾಗಿಲು ಎಷ್ಟು ಅಗಲವಿದೆ ಎಂದು ಗೇಣು ಹಾಕುವ ಮನುಷ್ಯ. ಆದರೆ ಇಲಾಖೆ ಅವನಿಗೆ ಸೇತುವೆ, ಸಭಾಂಗಣಗಳನ್ನು ಬರೆಯಲು ಕೊಟ್ಟದ್ದೇ ಇಲ್ಲ. ಅಂಥವನ್ನು ಸಾಹೇಬರ ಭಾವಮೈದುನರು ಬರೆಯುತ್ತಿದ್ದರು. ಇವನ ಪಾಲಿಗೆ ಬಂದದ್ದು ಕಚೇರಿಗಳ ಪಾಯಿಖಾನೆ, ದಾಸ್ತಾನು ಕೋಣೆ ಮತ್ತು ಅವುಗಳ ಗವಾಕ್ಷಿ. ದೊಡ್ಡವರು ಗಾಳಿ ತೆಗೆದುಕೊಳ್ಳುವ ಹಜಾರವನ್ನು ಬೇರೆಯವರು ಬರೆದರು. ಆ ದೊಡ್ಡವರು ಬಿಟ್ಟ ಗಾಳಿ ಹೊರಗೆ ಹೋಗುವ ಕಿಂಡಿಯನ್ನು ಇವನು ಬರೆದ. ನಾಡಿನ ಆಡಳಿತದಲ್ಲಿ ಇವನ ಕೊಡುಗೆ ಸಣ್ಣದು ಎನ್ನುವವರು ಒಂದು ದಿನ ಆ ಕಿಂಡಿಗಳನ್ನು ಮುಚ್ಚಿ ನೋಡಲಿ.

ಹೀಗಿರುವಾಗ ಅಗ್ನಿಶಾಮಕ ಠಾಣೆಯವರಿಗೆ ಮಾವನ ನೆನಪಾಯಿತು. ಠಾಣೆಯ ವಾರ್ಷಿಕ ದಿನದಂದು ಹಳೆಯ ಸೇವೆಗಾಗಿ ಅವರಿಗೊಂದು ಪದಕ ಕೊಡುವುದೆಂದು ತೀರ್ಮಾನವಾಯಿತು. ಸುದ್ದಿ ಕೇಳಿದ ಕ್ಷಣದಿಂದ ಅಳತೆಗಾರನ ಹೆಂಡತಿ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಇಡುವ ಸದ್ದೇ ಬದಲಾಯಿತು.

"ಏನ್ರೀ, ನಮ್ಮಪ್ಪ ಪದಕ ತಗೊಳ್ಳೋಕೆ ನಮ್ಮ ಕಾರಲ್ಲೇ ಹೋಗ್ಬೇಕು."

"ಅವರು ಶಪಥ ಮಾಡಿದ್ದಾರಲ್ಲೇ."

"ಮಾಡ್ಲಿ. ಹಿರೀಮಗಳು ನಾನು. ಅವತ್ತು ಅಪ್ಪ ಆ ಚಿಕ್ಕವಳ ಗಂಡನ ಕಾರಲ್ಲಿ ಹೋಗಿ ಇಳಿದ್ರೆ, ನಾನು ಸಮಾರಂಭಕ್ಕೂ ಬರಲ್ಲ, ತವರಿಗೂ ಹೋಗಲ್ಲ. ನಿಮ್ಮ ಕಾರಿನ ಪಕ್ಕ ನಿಂತ್ಕೊಂಡು ನಾನೂ ಕುದೀತಾ ಇರ್ತೀನಿ."

ಚಿಕ್ಕವಳ ಗಂಡ, ಅಂದರೆ ಅಳತೆಗಾರನ ಷಡ್ಡಕ, ಟೈರು ಅಂಗಡಿಯ ಮಾಲೀಕ. ಅವನು ಆಗತಾನೆ ಹೊಸ ಕಾರು ಕೊಂಡಿದ್ದ. ಕೊಂಡದ್ದು ಅವನ ಖುಷಿ. ಆದರೆ ಕೊಂಡದ್ದನ್ನು ತಂದು ತೋರಿಸುವುದಿದೆಯಲ್ಲ, ಅದು ಹಿಂಸೆ. ಬಂದವನು ಒಳಗೆ ಕೂರಲೂ ಇಲ್ಲ, ಅಂಗಳದಲ್ಲೇ ಕಾರಿನ ಮೈಸವರುತ್ತ ನಿಂತ.

"ನೋಡಣ್ಣ, ಬಾನೆಟ್ಟಿನ ಮೇಲೆ ವೆಂಟು. ಇಂಪೋರ್ಟೆಡ್ ಸ್ಟೈಲು."

ನಿಜ, ಬಾನೆಟ್ಟಿನ ಮೇಲೆ ಮೀನಿನ ಕಿವಿರಿನಂಥ ಎರಡು ಕಪ್ಪು ಸೀಳುಗಳಿದ್ದವು. ಅಳತೆಗಾರ ಅಭ್ಯಾಸಬಲದಿಂದ ಬೆರಳು ತೂರಿಸಿ ಆಳ ನೋಡಿದ. ಬೆರಳು ಉಗುರು ಮುಳುಗುವಷ್ಟೂ ಹೋಗಲಿಲ್ಲ.

"ಇದಕ್ಕೆ ತೂತೇ ಇಲ್ವಲ್ಲಪ್ಪ!"

"ತೂತು ಯಾಕಣ್ಣ? ನೋಡೋಕೆ ಚೆನ್ನಾಗಿರುತ್ತೆ ಅಂತ ಅಂಟಿಸಿರೋದು."

ಅಳತೆಗಾರ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಅದಕ್ಕೇನಾದರೂ ಹತ್ತಿರಬಹುದೇನೋ ಎಂಬಂತೆ ಪಂಚೆಗೆ ಒರೆಸಿಕೊಂಡ. ಗಾಳಿ ಆಡದ ಕಿಂಡಿ! ಅರ್ಜಿ ತೆಗೆದುಕೊಳ್ಳದ ಕಚೇರಿಯ ಕಿಟಕಿಯನ್ನು ಅವನು ನೋಡಿದ್ದ, ಮಾತು ಕೇಳಿಸಿಕೊಳ್ಳದ ಸಾಹೇಬರ ಕಿವಿಯನ್ನು ದಿನವೂ ನೋಡುತ್ತಿದ್ದ. ಈಗ ಅದೇ ಮೋಸ ಕಾರಿನ ಮೇಲೂ ಏರಿ ಕೂತಿತ್ತು. ಹುಟ್ಟಿದಾಗಿನಿಂದ ಯಾರ ಮೇಲೂ ಸಿಟ್ಟಾಗದ ಮನುಷ್ಯನಿಗೆ ಅಂದು ಮೊದಲ ಸಲ ಒಂದು ಸಿದ್ಧಾಂತ ಹುಟ್ಟಿತು: ಕಿಂಡಿ ಎಂದ ಮೇಲೆ ಗಾಳಿ ಆಡಬೇಕು. ತನ್ನ ಕಾರಿಗೆ ನಿಜವಾದ ಕಿಂಡಿ ಇಡಿಸಬೇಕು, ಅದು ತಣ್ಣಗಾಗಬೇಕು, ಮಾವ ಶಪಥ ಮುರಿದು ಬಂದು ಕೂರಬೇಕು.

ಇಷ್ಟಕ್ಕೆ ಅವನು ಯಾವುದಾದರೂ ಮೆಕ್ಯಾನಿಕ್ ಅಂಗಡಿಗೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನು ನಕ್ಷೆ ಬರೆಯಲು ಕೂತ.

ಕೂತವನಿಗೆ ಮೊದಲು ಎದುರಾದದ್ದು ತತ್ತ್ವದ ಪ್ರಶ್ನೆ. ಬಾನೆಟ್ಟಿನ ಕೆಳಗಿನ ಜಾಗ ಇಲಾಖೆಯ ನಿಯಮದ ಪ್ರಕಾರ ಯಾವ ಬಗೆಯ ಕೋಣೆ? ನಾಲ್ಕು ಕಡೆ ಗೋಡೆಯಿದೆ, ಮೇಲೆ ಸೂರಿದೆ. ಒಳಗೆ ಸಾಮಾನಿದೆಯಾದ್ದರಿಂದ ದಾಸ್ತಾನು ಕೋಣೆ ಎನ್ನಬಹುದು. ಆದರೆ ಅಲ್ಲಿ ಕಿಡಿ ಹಾರುತ್ತದೆ, ನೀರು ಕುದಿಯುತ್ತದೆ, ಎಣ್ಣೆ ಕಾಯುತ್ತದೆ. ರಾತ್ರಿ ಊಟಕ್ಕೆ ಕರೆಯಲು ಬಂದ ಹೆಂಡತಿಯ ಮುಂದೆ ಅವನು ತೀರ್ಪು ಕೊಟ್ಟ:

"ಅಡಿಗೆಮನೆ ಕಣೇ! ಸಂಶಯವೇ ಇಲ್ಲ. ಬಾನೆಟ್ ಅಂದ್ರೆ ಅಡಿಗೆಮನೆ!"

"ಹಂಗಾದ್ರೆ ನಾಳೆಯಿಂದ ಅಲ್ಲೇ ಮಾಡ್ಕೊಂಡು ತಿನ್ನಿ," ಅಂದಳು ಹೆಂಡತಿ.

ಅಡಿಗೆಮನೆ ಎಂದಾದ ಮೇಲೆ ಉಳಿದದ್ದು ಸಲೀಸು. ನೆಲದ ಅಳತೆಗೆ ತಕ್ಕಷ್ಟು ಗವಾಕ್ಷಿ. ಗವಾಕ್ಷಿಗೆ ನಡುವೆ ತಿರುಗುವ ಕದ, ಕದ ತೆರೆಯಲು ಒಳಗಿನಿಂದ ಎಳೆಯುವ ಹಗ್ಗ. ಹೊಗೆ ಹೋಗಲು ಒಂದು ಕೊಳವೆ. ಮತ್ತು ಪ್ರತಿ ಗವಾಕ್ಷಿಯ ನೆತ್ತಿಗೆ, ಮಳೆನೀರು ಒಳಗೆ ಬೀಳದಂತೆ, ಒಂದು ಸಜ್ಜ. ತನ್ನ ಸೇವಾವಧಿಯಲ್ಲಿ ಅವನು ಸಜ್ಜವಿಲ್ಲದ ಗವಾಕ್ಷಿಯನ್ನು ಒಂದೇ ಒಂದು ಸಲವೂ ಬರೆದಿರಲಿಲ್ಲ. ಕಾರಿಗೋಸ್ಕರ ಆ ಕೀರ್ತಿ ಕಳೆದುಕೊಳ್ಳಲು ಸಿದ್ಧನಿರಲಿಲ್ಲ.

ಬೀದಿಯ ಮೂಲೆಯ ವೆಲ್ಡರ್ ಜೀವಮಾನವೆಲ್ಲ ಮಾಡಿದ್ದು ಮನೆಯ ಗೇಟು ಮತ್ತು ಕಿಟಕಿಯ ಸರಳು. ಬಾನೆಟ್ ಕೊಯ್ಯಬೇಕು ಎಂದಾಗ ಅವನೂ ಕಿಟಕಿಯ ಮಾತೇ ಆಡಿದ.

"ಸರಳು ಉದ್ದುದ್ದ ಬರ್ಬೇಕೋ ಅಡ್ಡಡ್ಡ ಬರ್ಬೇಕೋ ಸಾರ್?"

"ಸರಳು ಯಾಕಪ್ಪ?"

"ಕಳ್ಳರು ನುಗ್ಗಿದ್ರೆ?"

"ಎಂಜಿನ್ ಒಳಗೆ ಯಾವ ಕಳ್ಳ ನುಗ್ತಾನೆ?"

"ನುಗ್ಗೋಕಾಗ್ದಿದ್ರೂ ಕೈ ಹಾಕ್ತಾನೆ ಸಾರ್. ಸೊಳ್ಳೆ ಜಾಲರಿನೂ ಬಡಿದುಬಿಡ್ತೀನಿ, ಅದು ನನ್ನ ಕಡೆಯಿಂದ."

ಹೀಗೆ ಎರಡು ತಲೆಗಳು ಕೂಡಿ, ಒಂದರಲ್ಲೂ ಕಾರಿನ ಸುಳಿವಿಲ್ಲದೆ, ಕೆಲಸ ಮುಗಿಸಿದವು. ಟಾರ್ಪಾಲು ಸರಿಸಿದಾಗ ಬೀದಿಗೆ ಬೀದಿಯೇ ಬಾಯಿ ತೆರೆದುಕೊಂಡು ನಿಂತಿತು. ಬಾನೆಟ್ಟಿನ ಮೇಲೆ ಎರಡು ಪುಟ್ಟ ಗವಾಕ್ಷಿಗಳು, ಹಸಿರು ಬಣ್ಣದ ಕದ, ಸರಳು, ಜಾಲರಿ, ಒಂದೊಂದಕ್ಕೂ ಅಂದವಾದ ಸಜ್ಜ. ಬದಿಯಲ್ಲಿ ಟೋಪಿ ಹಾಕಿಕೊಂಡ ಕೊಳವೆ. ಕಾರು ಒಂದು ಸಣ್ಣ ಸರ್ಕಾರಿ ಔಷಧಾಲಯವನ್ನು ಹೊತ್ತುಕೊಂಡು ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು.

ಅಳತೆಗಾರ ಡ್ರೈವರ್ ಸೀಟಿನಲ್ಲಿ ಕೂತು ಹಗ್ಗ ಎಳೆದ. ಎರಡೂ ಕದಗಳು ಒಟ್ಟಿಗೆ ತೆರೆದುಕೊಂಡವು. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಬಾಗಿಲಲ್ಲಿ ನಿಂತು, ನಗಬೇಕೋ ಅಳಬೇಕೋ ತಿಳಿಯದೆ, ಕೊನೆಗೆ ನಕ್ಕಳು.

"ಕರ್ಟನ್ ಒಂದು ಬಾಕಿ ನೋಡಿ. ಹೊಲಿದುಕೊಡ್ಲಾ?"

ಮೊದಲ ಆಕ್ಷೇಪಣೆ ಎದುರುಮನೆಯಿಂದ ಬಂತು. ಅಲ್ಲೊಬ್ಬ ಹಳೇ ವಕೀಲರು. ಕಕ್ಷಿದಾರರು ಅವರ ಕಡೆ ಬರುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆದರೆ ವಾದ ಮಾತ್ರ ಅವರೊಳಗೆ ದಿನದಿನವೂ ಉತ್ಪತ್ತಿಯಾಗುತ್ತಲೇ ಇತ್ತು. ಅದನ್ನು ಹಾಲಿನವನ ಮೇಲೆ, ಪೇಪರಿನವನ ಮೇಲೆ ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಲೇ ಗೇಟಿಗೆ ಬಂದರು.

"ರೀ ಅಳತೆಗಾರರೇ! ನಿಮ್ಮ ವೆಂಟಿಲೇಟರ್ ನೇರವಾಗಿ ನಮ್ಮ ಬಚ್ಚಲಮನೆಗೆ ನೋಡುತ್ತೆ."

"ಅದರೊಳಗಿರೋದು ಎಂಜಿನ್ ಸಾರ್. ಅದೇನು ನೋಡುತ್ತೆ?"

"ಇವತ್ತು ಎಂಜಿನ್. ನಾಳೆ ಯಾರನ್ನ ಬಾಡಿಗೆಗೆ ಇಡ್ತೀರೋ, ಯಾರಿಗೆ ಗೊತ್ತು!"

ಹಲ್ಲುಜ್ಜಿ ಮುಗಿಸಿದವರೇ ನಗರಸಭೆಗೆ ಹೋಗಿ ದೂರು ಕೊಟ್ಟು ಬಂದರು. ಮನೆಯ ಮುಂದೆ ತಿಂಗಳುಗಟ್ಟಲೆ ಚರಂಡಿ ಉಕ್ಕಿದಾಗ ಒಮ್ಮೆಯೂ ಇತ್ತ ತಲೆಹಾಕದ ನಗರಸಭೆ, ಒಬ್ಬ ಬಡಪಾಯಿ ತನ್ನ ಕಾರಿಗೆ ಗಾಳಿ ಬಿಟ್ಟುಕೊಂಡ ಎಂದ ತಕ್ಷಣ ಓಡೋಡಿ ಬಂತು. ಬಂದವರು ಇನ್ಸ್‌ಪೆಕ್ಟರ್. ಕಂಕುಳಲ್ಲಿ ಫೈಲು, ಕಣ್ಣಲ್ಲಿ ಹಸಿವು.

"ಯಾರ್ರೀ ಇದನ್ನ ರಸ್ತೆ ಮೇಲೆ ಕಟ್ಟಿದ್ದು?"

"ಕಟ್ಟಿಲ್ಲ ಸಾರ್, ನಿಲ್ಲಿಸಿದ್ದೀನಿ. ಇದು ಕಾರು."

"ಕಾರಿಗೆ ಸಜ್ಜ ಇರುತ್ತೇನ್ರೀ? ಕಾರಿಗೆ ಹೊಗೆಗೂಡು ಇರುತ್ತೇನ್ರೀ? ಅದೂ ಸಜ್ಜ ನೋಡಿ ಹೆಂಗಿದೆ, ವಾಲಿಕೊಂಡು, ಅಳತೆ ಇಲ್ಲ, ಏನಿಲ್ಲ..."

ಇಲ್ಲಿ ಅಳತೆಗಾರ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ. ಕಾರನ್ನು ಬಯ್ದರೆ ಅವನು ತಡೆದುಕೊಳ್ಳುತ್ತಿದ್ದ, ತನ್ನನ್ನು ಬಯ್ದರೆ ನಮಸ್ಕಾರ ಹಾಕುತ್ತಿದ್ದ. ಆದರೆ ಸಜ್ಜದ ಅಳತೆ! ಅವನ ಮೂಗಿನ ಹೊಳ್ಳೆಗಳು ಅಗಲವಾದವು.

"ಏನ್ ಸಾರ್ ಅಂದ್ರಿ? ಅಳತೆ ಇಲ್ವಾ? ನಿಯಮದ ಪ್ರಕಾರ ಸಜ್ಜ ಎಷ್ಟು ಮುಂದೆ ಬರ್ಬೇಕೋ ಅಷ್ಟೇ ಬಂದಿದೆ. ಟೇಪು ಹಿಡೀರಿ ಬೇಕಾದ್ರೆ! ನೀರು ಜಾರೋಕೆ ಇಳಿಜಾರು ಬಿಟ್ಟಿದ್ದೀನಿ, ಅದನ್ನ ವಾಲಿದೆ ಅಂತೀರಾ? ಗವಾಕ್ಷಿ ನೆಲದ ಅಳತೆಗೆ ಸರಿಯಾಗಿದೆ. ಅಡಿಗೆಮನೆಗೆ ಏನೇನು ಬೇಕೋ ಎಲ್ಲಾ ಇದೆ!"

"ಹೋ! ಅಡಿಗೆಮನೆ," ಎಂದರು ಇನ್ಸ್‌ಪೆಕ್ಟರ್, ಬಾಯಿಗೆ ಸಿಹಿ ಬಿದ್ದವರಂತೆ. "ಮುಂದೆ ಅಡಿಗೆಮನೆ. ಹಿಂದೆ ಕೂರೋಕೆ ಹಜಾರ. ಡಿಕ್ಕಿ?"

"ಡಿಕ್ಕಿಗೆ ಗವಾಕ್ಷಿ ಬೇಕಾಗಿಲ್ಲ ಸಾರ್. ಅದು ದಾಸ್ತಾನು ಕೋಣೆ."

ಹೆಂಡತಿ ಒಳಗಿನಿಂದ ಹಣೆ ಚಚ್ಚಿಕೊಂಡ ಸದ್ದು ಬೀದಿಗೆ ಕೇಳಿಸಿತು. ಇನ್ಸ್‌ಪೆಕ್ಟರ್ ಅಲ್ಲೇ ತೀರ್ಮಾನ ಹೇಳಿದರು. ಇದು ರಸ್ತೆಯ ಮೇಲೆ ಅನುಮತಿಯಿಲ್ಲದೆ ಎದ್ದಿರುವ ಕಟ್ಟಡ. ಇದು ವಾಹನ ಎಂದು ಸಾರಿಗೆಯವರಿಂದ ಹೇಳಿಸಿಕೊಂಡು ಬರಬೇಕು. ಇಲ್ಲದಿದ್ದರೆ ಭಾನುವಾರ ಆಳುಗಳನ್ನು ಕರೆತಂದು ಗವಾಕ್ಷಿಗಳಿಗೆ ಗಾರೆ ಮೆತ್ತಿ, ಕಟ್ಟಡವನ್ನು ಎತ್ತಿಸಿಕೊಂಡು ಹೋಗುತ್ತಾರೆ. ಭಾನುವಾರವೇ ಮಾವನ ಪದಕ.

ಅಳತೆಗಾರ ಸಾರಿಗೆ ಕಚೇರಿಗೆ ಕಾರು ಓಡಿಸಿಕೊಂಡೇ ಹೋದ. ಅಲ್ಲಿನ ಅಧಿಕಾರಿ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಗವಾಕ್ಷಿಯ ಕದವನ್ನು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿ, ಸದ್ದು ಬರುವುದಿಲ್ಲವೆಂದು ಮೆಚ್ಚಿಕೊಂಡು, ತಮ್ಮ ಮನೆಯ ಸ್ನಾನದ ಕೋಣೆಗೂ ಇಂಥದ್ದು ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಂಡರು.

"ಬರೆದುಕೊಡ್ಬಹುದು ಕಣ್ರೀ. ಆದರೆ ಇದು ಮನೆ ಅಲ್ಲ ಅಂತ ಮೊದಲು ನಗರಸಭೆಯವರು ಹೇಳ್ಬೇಕು."

"ಅವರು ಇದು ಕಾರು ಅಂತ ನೀವು ಹೇಳ್ಬೇಕು ಅಂತಾರೆ ಸಾರ್."

"ನೋಡಿದ್ರಾ, ಇಬ್ಬರಿಗೂ ಎಷ್ಟು ಜವಾಬ್ದಾರಿ ಇದೆ!"

"ನಾನು ಓಡಿಸಿಕೊಂಡು ಬಂದಿದ್ದೀನಲ್ಲ ಸಾರ್! ಮನೆ ಓಡುತ್ತಾ?"

"ಅಧಿಕಾರಿ ಎದುರು ಓಡಿದ್ರೆ ಮಾತ್ರ ಓಡಿದ್ದು ಅಂತ ಲೆಕ್ಕ. ನಾನು ನೋಡಿದಾಗ ಅದು ನಿಂತಿತ್ತು," ಎಂದು ಅವರು ಊಟಕ್ಕೆ ಎದ್ದರು.

ಭಾನುವಾರ ಬೆಳಿಗ್ಗೆ ಬೀದಿಗೆ ಎರಡು ಗಾಡಿಗಳು ಒಂದೇ ಹೊತ್ತಿಗೆ ಬಂದವು. ಒಂದು ನಗರಸಭೆಯ ಲಾರಿ: ಅದರಲ್ಲಿ ಇನ್ಸ್‌ಪೆಕ್ಟರ್, ಹಾರೆ ಹಿಡಿದ ಆಳುಗಳು, ಕಲಸಿಟ್ಟ ಗಾರೆಯ ಬಾಣಲೆ. ಇನ್ನೊಂದು ಷಡ್ಡಕನ ಹೊಸ ಕಾರು: ಅದರಲ್ಲಿ ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ ತೊಟ್ಟು, ಮೀಸೆ ತಿರುವಿಕೊಂಡು ಕೂತಿದ್ದ ಮಾವ. ಹಿರಿಯ ಮಗಳು ಮುಖ ಊದಿಸಿಕೊಂಡು ಮನೆಯಲ್ಲೇ ಕೂತಿದ್ದಾಳೆಂದು ತಿಳಿದು, ಅವಳನ್ನು ಸಮಾಧಾನಪಡಿಸಿ ಜೊತೆಗೆ ಕರೆದೊಯ್ಯಲು ಬಂದಿದ್ದರು.

"ಅಪ್ಪಾ, ನಾನು ಬರಲ್ಲ," ಎಂದಳು ಮಗಳು ಬಾಗಿಲಲ್ಲೇ. "ನನ್ನ ಗಂಡ ನಿಮಗೋಸ್ಕರ ಇಷ್ಟೆಲ್ಲ ಮಾಡ್ಸಿದ್ದಾರೆ. ಅದನ್ನ ಒಂದ್ಸಲ ಕಣ್ಣೆತ್ತಿ ನೋಡಿ, ಆಮೇಲೆ ಬೇಕಾದ ಕಡೆ ಹೋಗಿ."

"ನೋಡೋದೇನಮ್ಮ, ಕಾರಿಗೆ ಕಿಟಕಿ ಇಡಿಸಿದ್ದಾರಂತೆ, ಊರೆಲ್ಲ ನಗ್ತಾ ಇದೆ," ಎನ್ನುತ್ತ ಮಾವ ತಿರುಗಿದರು. ಇನ್ಸ್‌ಪೆಕ್ಟರ್ ಕೂಗಿದ್ದು ಅದೇ ಕ್ಷಣ:

"ಏಯ್, ಹೊಗೆ ಹೋಗೋ ಕಿಂಡಿನೆಲ್ಲ ಮೊದಲು ಗಾರೆ ಹಾಕಿ ಮುಚ್ಚ್ರೋ!"

ಮಾವನ ಕಿವಿ ನೆಟ್ಟಗಾಯಿತು. ಮುಖ ಅಗ್ನಿಶಾಮಕ ಗಾಡಿಗಿಂತ ಕೆಂಪಾಯಿತು.

"ಏನು ಅಂದೆ? ಹೊಗೆ ಹೋಗೋ ಕಿಂಡಿ ಮುಚ್ಚಬೇಕಾ?"

"ಅನುಮತಿ ಇಲ್ಲ ಯಜಮಾನ್ರೇ..."

"ಹೊಗೆ ಯಾವತ್ತಪ್ಪ ಅನುಮತಿ ಕೇಳಿದೆ?" ಮಾವ ಹೆಜ್ಜೆ ಹೆಜ್ಜೆಗೂ ದನಿ ಏರಿಸುತ್ತ ಲಾರಿಯ ಕಡೆ ನಡೆದರು. "ಬಟ್ಟೆ ಗೋಡೌನಿಗೆ ಬೆಂಕಿ ಬಿದ್ದಾಗ ನೀನು ಎಲ್ಲಿದ್ದೆ? ಒಳಗೆ ಹೊಲಿಯೋ ಹೆಣ್ಣುಮಕ್ಕಳು, ಹೊರಗೆ ಬೀಗ, ಗೋಡೆಗೆ ಒಂದೇ ಒಂದು ಕಿಂಡಿ ಇಲ್ಲ. ಕಳ್ಳತನ ಆಗುತ್ತೆ ಅಂತ ಮಾಲೀಕ ಮುಚ್ಚಿಸಿದ್ದ, ನಿನ್ನಂಥವನೊಬ್ಬ ಬಂದು ಸರಿ ಇದೆ ಅಂತ ಹೇಳಿ ಹೋಗಿದ್ದ. ನಾನು ಸೂರು ಒಡೆದು ಒಬ್ಬೊಬ್ಬರನ್ನೇ ಮೇಲಕ್ಕೆ ಎಳೆದೆ. ಎಲ್ಲರನ್ನೂ ಎಳೆದೆ! ಇವತ್ತು ಪದಕ ಕೊಡ್ತಿರೋದು ಅದಕ್ಕೇ ಕಣೋ. ಕಟ್ಟಡ ಇಲಾಖೆಯವನೊಬ್ಬ ತಾನಾಗೇ ಹೊಗೆಗೆ ದಾರಿ ಬಿಟ್ಟದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಅದನ್ನ ನೀನು ಮುಚ್ತೀಯಾ?"

ಗಾರೆ ಹಿಡಿದಿದ್ದ ಆಳು ಬಾಣಲೆಯನ್ನು ಮೆಲ್ಲಗೆ ಕೆಳಗಿಟ್ಟ. ಮಾವ ಅಳಿಯನ ಕಡೆ ನೋಡಿದರು. ಮೊದಲ ಸಲ ಆ ನೋಟದಲ್ಲಿ 'ಅಳಿಯಂದ್ರೇ' ಎಂಬ ವ್ಯಂಗ್ಯವಿರಲಿಲ್ಲ.

"ಕಟ್ಟಡ ಅಂದ ಮೇಲೆ ಎತ್ತಿಸ್ಲೇಬೇಕು," ಎಂದು ಇನ್ಸ್‌ಪೆಕ್ಟರ್ ಸಣ್ಣ ದನಿಯಲ್ಲಿ ಗೊಣಗಿದರು.

ಆಗ ಎದುರುಮನೆಯ ಗೇಟು ಕಿರ್ರೆಂದಿತು. ವಕೀಲರು ಪಂಚೆಯ ಮೇಲೆ ಕರಿಕೋಟು ಏರಿಸಿಕೊಂಡು ಬರುತ್ತಿದ್ದರು. ಅಷ್ಟು ಜನ ಸೇರಿದ್ದನ್ನು ನೋಡಿ ಅವರ ವಾದ ಒಳಗೇ ಇರಲು ಒಪ್ಪಿರಲಿಲ್ಲ.

"ಒಂದು ನಿಮಿಷ! ವಾಸ ಇರೋ ಕಟ್ಟಡವನ್ನ ಒಳಗಿರೋರನ್ನ ಬಿಡಿಸದೆ ಮುಟ್ಟೋ ಹಾಗಿಲ್ಲ."

"ದೂರು ಕೊಟ್ಟಿದ್ದೇ ನೀವಲ್ವೇನ್ರೀ!" ಇನ್ಸ್‌ಪೆಕ್ಟರ್ ಚೀರಿದರು.

"ಆ ಕಡೆ ವಾದ ಮುಗಿಸಿದ್ದೀನಿ. ಈಗ ಈ ಕಡೆಯದು."

"ಇದರೊಳಗೆ ಯಾರ್ರೀ ವಾಸ ಇದ್ದಾರೆ? ಖಾಲಿ ಇದೆ!"

ಉತ್ತರ ಕೊಟ್ಟದ್ದು ಕಾರಿನ ಬಾಗಿಲು. ಧಡ್ ಎಂದು ಮುಚ್ಚಿತು. ಎಲ್ಲರೂ ತಿರುಗಿ ನೋಡಿದರೆ, ಇನ್ನೆಂದೂ ಆ ಒಲೆಯೊಳಗೆ ಕಾಲಿಡುವುದಿಲ್ಲ ಎಂದಿದ್ದ ಮಹಾನುಭಾವರು ಮುಂದಿನ ಸೀಟಿನಲ್ಲಿ ಎದೆಯುಬ್ಬಿಸಿ ಕೂತಿದ್ದರು.

"ನಾನಿದ್ದೀನಿ ವಾಸ. ಯಾವನು ಬರ್ತೀಯೋ ಬಾ, ಬಿಡಿಸು ನೋಡೋಣ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ "ಅಪ್ಪಾ!" ಎಂದು ಚೀರಿದವಳೇ ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದು ಹಿಂದಿನ ಸೀಟಿಗೆ ಹಾರಿದಳು. ಬೀದಿಯ ಹೆಂಗಸರು ಕಾರಿನ ಸುತ್ತ ನಿಂತರು. ಯಾರೋ ಒಬ್ಬಳು "ಗಾಳಿ ನಮ್ಮ ಹಕ್ಕು!" ಎಂದಳು. ಹೇಳಿದ ಮೇಲೆ ಅವಳಿಗೇ ಚೆನ್ನಾಗಿದೆ ಎನ್ನಿಸಿ ಇನ್ನೊಮ್ಮೆ ಹೇಳಿದಳು. ಬೀದಿ ಕೂಗಿತು. ಗಾರೆ ಕೆಳಗಿಟ್ಟಿದ್ದ ಆಳೂ, ಇನ್ಸ್‌ಪೆಕ್ಟರಿಗೆ ಕಾಣದಂತೆ, ಬಾಯಾಡಿಸಿದ.

ಷಡ್ಡಕ ಗಡಿಯಾರ ತೋರಿಸುತ್ತ ಕಿಟಕಿಗೆ ಬಂದ. "ಮಾವ, ಹೊತ್ತಾಯ್ತು. ದೊಡ್ಡ ಸಾಹೇಬ್ರು ಬಂದು ಕಾಯ್ತಿರ್ತಾರೆ. ಇಳೀರಿ, ನನ್ನ ಕಾರಲ್ಲಿ ತಣ್ಣಗೆ ಹೋಗೋಣ."

"ಇಳಿದ್ರೆ ಇದನ್ನ ಎತ್ಕೊಂಡು ಹೋಗ್ತಾರೆ. ಇಳಿಯಲ್ಲ."

"ಮತ್ತೆ ಪದಕ?"

"ಅಳಿಯ, ಸ್ಟಾರ್ಟ್ ಮಾಡು!"

"ಕಟ್ಟಡ ಓಡಿಸೋ ಹಾಗಿಲ್ಲ!" ಇನ್ಸ್‌ಪೆಕ್ಟರ್ ಅಡ್ಡ ನಿಂತರು.

ವಕೀಲರು ಅವರ ಹೆಗಲ ಮೇಲೆ ಕೈಯಿಟ್ಟು ಅಕ್ಕರೆಯಿಂದ ಹೇಳಿದರು: "ಓಡಿದ್ರೆ ಅದು ಕಟ್ಟಡ ಅಲ್ಲ. ಓಡದಿದ್ರೆ ಒಳಗೆ ವಾಸ ಇದೆ. ನಿಮಗೆ ಯಾವುದು ಬೇಕೋ ಆರಿಸ್ಕೊಳ್ಳಿ. ಅಧಿಕಾರಿಗಳು ನೀವು, ಕಣ್ಣಾರೆ ನೋಡ್ತಿದ್ದೀರಿ."

ಅಳತೆಗಾರ ಡ್ರೈವರ್ ಸೀಟಿಗೆ ಹಾರಿ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ಹೊರಟಿತು. ಅಧಿಕಾರಿಯ ಎದುರೇ ಹೊರಟಿತು. ಇನ್ಸ್‌ಪೆಕ್ಟರ್ ಪಕ್ಕಕ್ಕೆ ಹಾರಿದ್ದನ್ನೇ ಬೀದಿಯವರು ಮಂಜೂರಾತಿ ಎಂದು ತಿಳಿದರು.

ಈಗ ಒಂದು ಸತ್ಯವನ್ನು ಹೇಳದೆ ಗತಿಯಿಲ್ಲ. ಗವಾಕ್ಷಿಗಳಿಂದ ಎಂಜಿನ್ನಿನ ಬಿಸಿ ನಿಜಕ್ಕೂ ಹೊರಗೆ ಬರುತ್ತಿತ್ತು. ಆದರೆ ಕಟ್ಟಡ ಒಂದೇ ಕಡೆ ನಿಂತಿರುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ ಎಂಬ ಸಣ್ಣ ವ್ಯತ್ಯಾಸ ನಕ್ಷೆಯಲ್ಲಿ ಬಿಟ್ಟುಹೋಗಿತ್ತು. ಏರುದಾರಿಯಲ್ಲಿ ನೀರು ಕುದಿಯಿತು. ಗವಾಕ್ಷಿಯಿಂದ ಹೊರಟ ಆವಿ ಸಜ್ಜಕ್ಕೆ ತಲೆ ಬಡಿದುಕೊಂಡು, ಎದುರುಗಾಳಿಗೆ ಹಿಂದಕ್ಕೆ ಹೊರಳಿ, ಮುಂದಿನ ಗಾಜಿನ ತುಂಬ ಬೆಳ್ಳಗೆ ಹಬ್ಬಿತು.

"ಮಾವ! ನನಗೆ ಏನೂ ಕಾಣ್ತಿಲ್ಲ!"

"ಕಾಣೋದೇನು, ನಾನಿಲ್ವಾ!" ಮಾವ ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಂದರು. ನಿವೃತ್ತಿಯಾದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ಯಾರೂ ಕಂಡಿರಲಿಲ್ಲ. "ಎಡಕ್ಕೆ! ಇನ್ನೂ ಎಡಕ್ಕೆ! ಏಯ್ ಸೈಕಲ್, ಪಕ್ಕಕ್ಕೆ ಸರಿ! ಢಣ್ ಢಣ್ ಢಣ್ ಢಣ್!" ಗಂಟೆ ಇಲ್ಲದ್ದರಿಂದ ಬಾಯಲ್ಲೇ ಬಾರಿಸಿದರು. ಬಸ್ಸುಗಳು ಪಕ್ಕಕ್ಕೆ ನಿಂತವು. ದಿನವೂ ಅಳತೆಗಾರನನ್ನು ತಡೆದು ನಿಲ್ಲಿಸುತ್ತಿದ್ದ ಟ್ರಾಫಿಕ್ ಪೊಲೀಸ್, ಆವಿಯ ಮೋಡದೊಳಗಿಂದ ಸಮವಸ್ತ್ರವೊಂದು ಅಬ್ಬರಿಸುತ್ತ ಬರುವುದನ್ನು ಕಂಡು ಸೆಲ್ಯೂಟ್ ಹೊಡೆದ. ಹಿಂದಿನ ಸೀಟಿನಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತ, "ಢಣ್ ಢಣ್ ನಾನೂ ಮಾಡ್ತೀನಪ್ಪಾ!" ಎಂದು ಇನ್ನೊಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಷಡ್ಡಕನ ಕಾರು, ಲಾರಿ, ಲಾರಿಯಲ್ಲಿ ಹಿಡಿಸಿದಷ್ಟು ಬೀದಿಯ ಜನ, ವಕೀಲರು, ಎಲ್ಲ ಹಿಂದೆ ಬಂದರು.

ಅಗ್ನಿಶಾಮಕ ಠಾಣೆಯಲ್ಲಿ ಸಿಬ್ಬಂದಿ ಸಾಲಾಗಿ ನಿಂತಿದ್ದರು. ದೊಡ್ಡ ಸಾಹೇಬರು ಮೈಕಿನ ಮುಂದೆ ನಿಂತು ಸಿದ್ಧತೆಯ ಮಹತ್ವದ ಬಗ್ಗೆ ಭಾಷಣ ಶುರು ಮಾಡಿದ್ದರು. ಗೇಟಿನೊಳಕ್ಕೆ ನುಗ್ಗಿದ ಬಿಳಿಯ ಮೋಡವನ್ನು ನೋಡಿ ಸಿಬ್ಬಂದಿಗೆ ಮಹತ್ವ ಪೂರ್ತಿ ತಿಳಿಯಿತು. ಭಾಷಣ ಮುಗಿಯಲು ಕಾಯಲಿಲ್ಲ. ಪೈಪು ಬಿಚ್ಚಿದರು, ನೀರು ಬಿಟ್ಟರು.

"ಗುರಿ ಗವಾಕ್ಷಿಗೆ ಹಿಡೀರೋ! ಭೇಷ್! ಆ ಸಣ್ಣವನೇ, ಪೈಪು ಮೇಲೆತ್ತು! ನಾನಿದ್ದಾಗ ಹಿಂಗೇನೋ ಹಿಡೀತಿದ್ದದ್ದು?" ಮಾವ ಒಳಗಿನಿಂದಲೇ ಆಜ್ಞೆ ಮಾಡುತ್ತಿದ್ದರು, ಮೀಸೆಯಿಂದ ನೀರಿಳಿಯುತ್ತಿತ್ತು. ಎಂಜಿನ್ ತಣ್ಣಗಾಯಿತು. ಅಳಿಯ ತಣ್ಣಗಾದ. ಮಗಳು ಮುಡಿಯಿಂದ ಪಾದದವರೆಗೆ ತಣ್ಣಗಾದಳು. ಗುರಿ ತಪ್ಪಿದ ಒಂದು ಧಾರೆಯಿಂದ ವೇದಿಕೆಯ ಮೇಲಿದ್ದ ದೊಡ್ಡ ಸಾಹೇಬರು, ಅವರ ಭಾಷಣ, ಎರಡೂ ತಣ್ಣಗಾದವು.

"ಯಜಮಾನರು ದಯವಿಟ್ಟು ವೇದಿಕೆಗೆ ಬರಬೇಕು," ಎಂದು ಮೈಕು ನೀರು ಕುಡಿದ ದನಿಯಲ್ಲಿ ಕರೆಯಿತು.

ಗೇಟಿನ ಬಳಿ ಇನ್ಸ್‌ಪೆಕ್ಟರ್ ಲಾರಿಯಿಂದ ಇಳಿದು, ಕಾರು ಯಾವಾಗ ಖಾಲಿಯಾಗುತ್ತದೋ ಎಂದು ಕಾಯುತ್ತಿದ್ದುದನ್ನು ಮಾವ ಓರೆಗಣ್ಣಲ್ಲಿ ನೋಡಿದರು.

"ಬರಲ್ಲ. ನಾನಿಲ್ಲಿ ವಾಸ ಇದ್ದೀನಿ. ಕೊಡೋರು ಇಲ್ಲಿಗೇ ಬಂದು ಕೊಡ್ಲಿ."

ಸಭೆಯಲ್ಲಿ ಗುಸುಗುಸು ಎದ್ದಿತು. ವಕೀಲರು ವೇದಿಕೆಯ ಕಡೆ ಹೋಗಿ ಏನೋ ಕಿವಿಯಲ್ಲಿ ಹೇಳಿದರು. ಬಹುಶಃ ಕಾನೂನನ್ನೇ ಹೇಳಿರಬೇಕು, ಯಾಕೆಂದರೆ ದೊಡ್ಡ ಸಾಹೇಬರಿಗೆ ಅರ್ಥವಾಗಲಿಲ್ಲ, ಆದರೆ ಹೆದರಿಕೆಯಾಯಿತು. ಪದಕ ಹಿಡಿದು ವೇದಿಕೆ ಇಳಿದರು. ಕೆಸರಿನಲ್ಲಿ ಬೂಟು ಕಿತ್ತು ಕಿತ್ತು ಇಡುತ್ತ ಬಂದರು. ಕಾರಿನ ಕಿಟಕಿ ತಗ್ಗಿನಲ್ಲಿತ್ತು. ಇಡೀ ಸೇವೆಯಲ್ಲಿ ಯಾರ ಮುಂದೆಯೂ ಬಾಗದ ಆ ಸೊಂಟ, ಸಾಲಾಗಿ ನಿಂತ ಸಿಬ್ಬಂದಿಯೆಲ್ಲ ಕಣ್ಣರಳಿಸಿ ನೋಡುತ್ತಿರುವಾಗ, ಮೆಲ್ಲಗೆ, ಕಟಕಟ ಎನ್ನುತ್ತ ಬಾಗಿತು. ತಲೆ ಕಿಟಕಿಯೊಳಗೆ ಬಂತು. ಕೈ ಪದಕವನ್ನು ಮಾವನ ಒದ್ದೆ ಎದೆಗೆ ಚುಚ್ಚಿತು. ಸಿಬ್ಬಂದಿ ಶಿಳ್ಳೆ ಹೊಡೆದರು.

ಅಳತೆಗಾರ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ಕಣ್ಣು ಒದ್ದೆಯಾಗಿತ್ತು, ಆದರೆ ಅದನ್ನು ಪೈಪಿನ ಲೆಕ್ಕಕ್ಕೆ ಹಾಕಬಹುದಾಗಿತ್ತು.

"ಮಾವ, ಎಲ್ಲಾ ಮುಗೀತು. ಇಳಿಯೋಣ್ವಾ?"

ಮಾವ ಪದಕವನ್ನು ನೇರ ಮಾಡಿಕೊಂಡರು. ಗೇಟಿನ ಬಳಿಯ ಇನ್ಸ್‌ಪೆಕ್ಟರನ್ನು ನೋಡಿದರು. ಹಿಂದೆ ಕೂತು ಸೆರಗು ಹಿಂಡುತ್ತಿದ್ದ ಮಗಳನ್ನು ನೋಡಿದರು. ಆಮೇಲೆ ಕಿಟಕಿಯಿಂದ ಮೈ ಹೊರಗೆ ಹಾಕಿ, ಒಂದು ಕೈಯಲ್ಲಿ ಬಾಗಿಲನ್ನು ಡಬಡಬ ಬಡಿದರು.

"ಇಳಿಯೋದಾ? ಸುಮ್ನೆ ಸ್ಟಾರ್ಟ್ ಮಾಡೋ ಅಳಿಯ. ಊರು ಸುತ್ತ ಇನ್ನೊಂದು ರೌಂಡು!"